ಮಲೆನಾಡಿನ ಏರಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಾಯದಂತೆ ನೋಡಿಕೊಳ್ಳುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳ ಅಂಗಳದಲ್ಲಿ ಈಗ ಆಟೋಮ್ಯಾಟಿಕ್ ಫೋರ್ ವೀಲ್ ಡ್ರೈವ್ ಗಾಡಿಗಳು ಜಾಸ್ತಿ ಕಾಣುತ್ತವೆ. ಥಾರ್, ಜಿಮ್ನಿ, ಫಾರ್ಚೂನರ್, ಸ್ಕಾರ್ಪಿಯೊ-ಎನ್, ಹೈಲಕ್ಸ್. ಹಳೇ ಜೀಪಿನಲ್ಲಿ ಪಳಗಿದವರು ಮಾತ್ರ ಇವತ್ತಿಗೂ "ಮಲೆನಾಡಿಗೆ ಆಟೋಮ್ಯಾಟಿಕ್ ಆಗಲ್ಲ ಕಣ್ರೀ, ಏರಲ್ಲಿ ಕಾದು ಕೂತುಬಿಡುತ್ತೆ" ಅನ್ನುತ್ತಾರೆ. ಕಾಯುತ್ತದೆ, ಅದು ನಿಜ. ಆದರೆ ಆ ಬಿಸಿಯ ಬಹುಪಾಲು ನಾವು ಓಡಿಸುವ ರೀತಿಯಿಂದಲೇ ಹುಟ್ಟುತ್ತದೆ. ಅಂದಮೇಲೆ ತಡೆಯುವುದೂ ನಮ್ಮ ಕೈಯಲ್ಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು, ವೇಗ ಇಳಿಸಿ ಬಲ ಹೆಚ್ಚಿಸುವ ಗೇರ್, ಇರುವುದು ಕೆಸರಿನಿಂದ ಹೊರಗೆ ಬರಲಿಕ್ಕೆ ಮಾತ್ರ ಅಲ್ಲ, ಗೇರ್‌ಬಾಕ್ಸ್ ಉಳಿಸಿಕೊಳ್ಳಲಿಕ್ಕೆ. ಗೇರ್‌ಬಾಕ್ಸ್ ಆಯಿಲ್ ತಣಿಸುವ ದೊಡ್ಡ ಕೂಲರ್ ಹಾಕಿಸುವ ಯೋಚನೆಗೆ ಮೊದಲು ಫೋರ್ ಲೋ ಬಳಸುವ ರೂಢಿ ಮಾಡಿಕೊಳ್ಳಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ಗೆ. ಥಾರ್, ಸ್ಕಾರ್ಪಿಯೊ-ಎನ್, ಫಾರ್ಚೂನರ್, ಹೈಲಕ್ಸ್‌ನಲ್ಲಿ 6 ಗೇರ್‌ನದು, ಜಿಮ್ನಿಯಲ್ಲಿ 4 ಗೇರ್‌ನದು ಬರುತ್ತದೆ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸ್‌ನ ಕ್ಲಚ್, ಗೇರ್ ಕೆಲಸವನ್ನು ಗಾಡಿಯೇ ಮಾಡುವಂಥದ್ದು) ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲ. ಅವುಗಳಲ್ಲಿ ಕಾಯುವುದು ಕ್ಲಚ್ ಪ್ಲೇಟ್. ಅದರ ಕಥೆಯೇ ಬೇರೆ.

ಬಿಸಿ ಹುಟ್ಟುವುದು ಎಲ್ಲಿ?

ಮ್ಯಾನುಯಲ್ ಗಾಡಿಯಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಇರುವುದು ಆಯಿಲ್ ತುಂಬಿದ ಟಾರ್ಕ್ ಕನ್ವರ್ಟರ್. ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ಎಸೆಯುತ್ತವೆ. ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು, ಅಂದರೆ ಟರ್ಬೈನ್, ತಿರುಗುತ್ತದೆ. ಎರಡರ ನಡುವೆ ಲೋಹಕ್ಕೆ ಲೋಹ ತಾಗುವುದಿಲ್ಲ. ಅದಕ್ಕೇ ಗೇರ್ ಹಾಕಿ ಬ್ರೇಕ್ ಒತ್ತಿ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ.

ಈ ಎರಡು ಬದಿಗಳ ವೇಗದಲ್ಲಿ ಇರುವ ವ್ಯತ್ಯಾಸವೇ ಸ್ಲಿಪ್. ಗಾಡಿ ನಿಂತ ಜಾಗದಿಂದ ಹೊರಡುವಾಗ ಸ್ಲಿಪ್ ಇರಬೇಕು. ಎಂಜಿನ್‌ನ ಎಳೆತ ಹೆಚ್ಚಾಗಿ ಚಕ್ರಕ್ಕೆ ತಲುಪುವುದು ಅದರಿಂದಲೇ. ಆದರೆ ಸ್ಲಿಪ್‌ನಲ್ಲಿ ಕಳೆದುಹೋದ ಶಕ್ತಿಯೆಲ್ಲ ಆಯಿಲ್‌ನಲ್ಲಿ ಬಿಸಿಯಾಗಿ ಕೂರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಒಳಗಿನ ಲಾಕಪ್ ಕ್ಲಚ್ ಎರಡೂ ಬದಿಯನ್ನು ಸೇರಿಸಿ ಹಿಡಿದುಬಿಡುತ್ತದೆ. ಆಗ ಸ್ಲಿಪ್ ಇಲ್ಲ, ಬಿಸಿಯೂ ಕಡಿಮೆ. ಹಾಸನದಿಂದ ಬೆಂಗಳೂರಿಗೆ ಹೋದ ಗಾಡಿ ಕಾಯದೆ, ತೋಟದ ಗೇಟಿನಿಂದ ಬಂಗಲೆವರೆಗಿನ ಏರಿನಲ್ಲಿ ಕಾಯುವುದು ಇದಕ್ಕೇ.

ಒಂದು ಲೆಕ್ಕ ನೋಡೋಣ. ಅಂಕಿಗಳು ಅಂದಾಜಿನವು, ಗಾಡಿಯಿಂದ ಗಾಡಿಗೆ ಬದಲಾಗುತ್ತವೆ. ಚಕ್ರದ ಸುತ್ತಳತೆ 2.4 ಮೀಟರ್ ಅಂದುಕೊಳ್ಳಿ. ಮೊದಲನೇ ಗೇರ್ ಮತ್ತು ಆಕ್ಸಲ್ ಸೇರಿ ಚಕ್ರ 1 ಸುತ್ತು ತಿರುಗಲು ಟರ್ಬೈನ್ 13 ಸುತ್ತು ತಿರುಗಬೇಕು. ಕಲ್ಲು, ಕೊರಕಲು ಇರುವ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ. ಚಕ್ರ ನಿಮಿಷಕ್ಕೆ ಸುಮಾರು 55 ಸುತ್ತು, ಟರ್ಬೈನ್ ಸುಮಾರು 720 ಸುತ್ತು. ಆದರೆ ಆ ಏರು ಎಳೆಯಲು ಎಂಜಿನ್ 1,800 ಸುತ್ತಿನಲ್ಲಿ ಇರಬೇಕಾಗುತ್ತದೆ. ನಡುವಿನ ಸಾವಿರಕ್ಕೂ ಹೆಚ್ಚು ಸುತ್ತು ಸ್ಲಿಪ್. ಇಂಥ ಸ್ಥಿತಿಯಲ್ಲಿ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. 2 ಟನ್ ಮೀರಿದ ಗಾಡಿ ಕಡಿದಾದ ಏರಿನಲ್ಲಿದ್ದರೆ ಅದು 7–8 ಕಿಲೋವಾಟ್ ಆಗುವುದು ಕಷ್ಟವಲ್ಲ. ಬಚ್ಚಲುಮನೆಯ ಗೀಸರ್ 2 ಅಥವಾ 3 ಕಿಲೋವಾಟ್‌ನದು. ಅಂಥ ಮೂರು ಗೀಸರ್‌ಗಳನ್ನು ಒಟ್ಟಿಗೆ ಆನ್ ಮಾಡಿ ಗೇರ್‌ಬಾಕ್ಸ್ ಒಳಗೆ ಇಟ್ಟ ಹಾಗೆ.

ಅದೇ ಏರು, ಅದೇ 8 ಕಿ.ಮೀ. ವೇಗ. ಫೋರ್ ಲೋ ಹಾಕಿ. ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ವೇಗವನ್ನು ಸುಮಾರು 2.5 ಪಟ್ಟು ಇಳಿಸುತ್ತದೆ ಅಂತಿಟ್ಟುಕೊಂಡರೆ ಟರ್ಬೈನ್ ಈಗ 1,800 ಸುತ್ತಿನ ಹತ್ತಿರ ತಿರುಗುತ್ತದೆ. ಎಂಜಿನ್ 2,000ದ ಆಸುಪಾಸಿನಲ್ಲಿರುತ್ತದೆ. ಸ್ಲಿಪ್ ಹೆಚ್ಚು ಉಳಿಯಲಿಲ್ಲ, ಅಲ್ವಾ?

ಇನ್ನು ಬಿಸಿಯ ಮಟ್ಟ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲನ್ನು ಎಟಿಎಫ್ ಅನ್ನುತ್ತಾರೆ. ಅದು ಆರಾಮಾಗಿ ಇರುವುದು 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಮೇಲೆ ಸುಮಾರು 11 ಡಿಗ್ರಿ ಏರಿದಾಗಲೆಲ್ಲ ಆಯಿಲ್‌ನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಗೇರ್‌ಬಾಕ್ಸ್ ಕೆಲಸದವರು ಇಟ್ಟುಕೊಂಡಿರುವ ಲೆಕ್ಕ. 115 ಡಿಗ್ರಿ ದಾಟಿದರೆ ಒಳಗೆ ವಾರ್ನಿಷ್‌ನಂಥ ಅಂಟು ಕಟ್ಟಲು ಶುರುವಾಗುತ್ತದೆ. 125ರ ಮೇಲೆ ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ. 145ರ ಹತ್ತಿರ ಕ್ಲಚ್ ಪ್ಲೇಟ್‌ಗಳು ಹಿಡಿತ ಬಿಟ್ಟು ಜಾರುತ್ತವೆ, ಜಾರಿದ ಪ್ಲೇಟು ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಈಗಿನ ಸಿಂಥೆಟಿಕ್ ಆಯಿಲ್ ಸ್ವಲ್ಪ ಹೆಚ್ಚು ತಡೆಯುತ್ತದೆ. ಹಾಗಂತ ಅದರ ಮೇಲೆ ಭಾರ ಹಾಕಬೇಡಿ.

ಹಂತ 1: ಹೊರಡುವ ಮೊದಲು ಆಯಿಲ್ ನೋಡಿ

ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಇರುತ್ತದೆ. ಇದ್ದರೆ ನಿಮ್ಮ ಅದೃಷ್ಟ. ಸಾಮಾನ್ಯವಾಗಿ ಗಾಡಿ ಸ್ವಲ್ಪ ಓಡಿ ಆಯಿಲ್ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಆನ್ ಇಟ್ಟು, 'ಪಿ'ಯಲ್ಲಿ ಹಾಕಿ ನೋಡಬೇಕು. ನಿಮ್ಮ ಗಾಡಿಗೆ ಕ್ರಮ ಬೇರೆ ಇರಬಹುದು, ಮ್ಯಾನುಯಲ್ ಪುಸ್ತಕ ತೆರೆದು ಓದಿ.

ಡಿಪ್‌ಸ್ಟಿಕ್‌ಗೆ ಅಂಟಿದ ಆಯಿಲನ್ನು ಬಿಳಿ ಬಟ್ಟೆಗೋ ಟಿಶ್ಯೂ ಕಾಗದಕ್ಕೋ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಬಹುತೇಕ ಎಟಿಎಫ್ ಹೊಸದಾಗಿದ್ದಾಗ ಕೆಂಪಗೆ, ಆಚೆ ಕಾಣುವ ಹಾಗೆ ತಿಳಿಯಾಗಿರುತ್ತದೆ. ಬಟ್ಟೆಯ ಮೇಲೆ ಕೆಂಪು ಕಲೆ ಹರಡಿಕೊಳ್ಳುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಸಮಯ ಹತ್ತಿರ ಬಂದಿದೆ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಕಲೆಯ ನಡುವೆ ಕಪ್ಪು ಪುಡಿ ಉಳಿದರೆ ಅದು ಕ್ಲಚ್ ಪ್ಲೇಟ್ ಸವೆದ ಪುಡಿ. ಅಂಥ ಗಾಡಿ ಏರು ಹತ್ತುವುದು ಬೇಡ, ಮೆಕ್ಯಾನಿಕ್ ಹತ್ತಿರ ಹೋಗಲಿ. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಕಂಡರೆ ಆಯಿಲ್‌ಗೆ ನೀರೋ ಕೂಲೆಂಟೋ ಸೇರಿದೆ. ಆಗ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಕೂಡ ಮಾಡಬೇಡಿ.

ಹೊಸ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇರದೆ ಗೇರ್‌ಬಾಕ್ಸ್ ಚೇಂಬರ್‌ನಲ್ಲೋ (ಕೆಳಗೆ ಆಯಿಲ್ ನಿಲ್ಲುವ ತಟ್ಟೆ) ಪಕ್ಕದಲ್ಲೋ ಒಂದು ಲೆವೆಲ್ ಪ್ಲಗ್ ಇರುವುದೇ ಹೆಚ್ಚು. ಆಯಿಲ್ ನಿಗದಿತ ಟೆಂಪರೇಚರ್‌ನಲ್ಲಿ ಇದ್ದಾಗ ಮಾತ್ರ ಅದನ್ನು ಬಿಚ್ಚಿ ಲೆವೆಲ್ ನೋಡಬೇಕು. ಇದನ್ನು ಮನೆಯಂಗಳದಲ್ಲಿ ಮಾಡಲು ಹೋಗಬೇಡಿ. ನೀವು ಮಾಡಬಹುದಾದದ್ದು, ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ಕೆಂಪು ಹನಿ ಬಿದ್ದಿದೆಯಾ ಅಂತ ನೋಡುವುದು. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ನೊರೆ ಬಂದ ಆಯಿಲ್ ಬಿಸಿಯನ್ನು ಹೊರಗೆ ಸಾಗಿಸುವುದಿಲ್ಲ. ಲೆವೆಲ್ ಜಾಸ್ತಿ ಇದ್ದರೂ ನೊರೆ ಬರುತ್ತದೆ.

ಹಂತ 2: ಗಾಳಿಗೆ ದಾರಿ ಬಿಡಿಸಿ

ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗುವುದು ಗಾಡಿಯ ಮುಂಭಾಗದಲ್ಲಿ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಟ್ಯಾಂಕಿನ ಒಳಗೇ ಆಯಿಲ್ ಕೂಲರ್ ಇರುತ್ತದೆ, ಕೆಲವಲ್ಲಿ ಗ್ರಿಲ್ ಹಿಂದೆ ಪ್ರತ್ಯೇಕ ಕೂಲರ್, ಕೆಲವಲ್ಲಿ ಎರಡೂ. ಯಾವುದೇ ಆದರೂ ಅದಕ್ಕೆ ಗಾಳಿ ಬೇಕು.

ಮಳೆಗಾಲದಲ್ಲಿ ತೋಟದ ಕೆಂಪು ಕೆಸರು ರೇಡಿಯೇಟರ್ ಫಿನ್‌ಗಳಿಗೆ ಹಾರಿ ಕೂರುತ್ತದೆ. ಬಿಸಿಲು ಬಂದಾಗ ಒಣಗಿ ಸುಟ್ಟ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಬೀಜ, ಸಿಲ್ವರ್ ಓಕ್ ಎಲೆ, ಧೂಳು. ಇದೆಲ್ಲ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಮುಂದೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಬಾನೆಟ್ ಎತ್ತಿ ಮೇಲಿನಿಂದ ಟಾರ್ಚ್ ಬಿಟ್ಟು ನೋಡಬೇಕು.

ತೊಳೆಯುವಾಗ ಎಂಜಿನ್ ತಣ್ಣಗಿರಲಿ. ಎಂಜಿನ್ ಕಡೆಯಿಂದ ಗ್ರಿಲ್ ಕಡೆಗೆ, ಸಾದಾ ಪೈಪಿನ ನೀರು ಬಿಡಿ. ಒಣಗಿದ ಕೆಸರನ್ನು ಮೊದಲು ನೆನೆಸಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ತೊಳೆಯಿರಿ. ವಾಟರ್ ಸರ್ವೀಸ್ ಸ್ಟೇಷನ್‌ನ ಹುಡುಗರು ಪ್ರೆಷರ್ ಗನ್ ಹಿಡಿದು ಫಿನ್‌ಗೆ ಹತ್ತಿರದಿಂದ ಹೊಡೆದರೆ ಫಿನ್‌ಗಳು ಮಡಚಿಕೊಂಡು ಗಾಳಿಯೇ ನುಗ್ಗದಂತೆ ಆಗುತ್ತದೆ. "ಅಲ್ಲಿಗೆ ಗನ್ ಬೇಡಪ್ಪ" ಅಂತ ಮೊದಲೇ ಹೇಳಿ. ಗಾಡಿಯ ಕೆಳಗೆ ಕಲ್ಲು ತಾಗದಂತೆ ಸ್ಕಿಡ್ ಪ್ಲೇಟ್ ಹಾಕಿಸಿದ್ದರೆ ಅದರ ಮೇಲೆ ಕಟ್ಟಿದ ಕೆಸರನ್ನೂ ತೆಗೆಸಿ. ಗೇರ್‌ಬಾಕ್ಸ್ ಚೇಂಬರ್ ತನ್ನಷ್ಟಕ್ಕೆ ಸ್ವಲ್ಪ ಬಿಸಿ ಬಿಡುತ್ತದೆ. ಅದರ ಸುತ್ತ ಮಣ್ಣು ಮೆತ್ತಿಕೊಂಡರೆ ಅದೂ ನಿಂತುಹೋಗುತ್ತದೆ.

ಗ್ರಿಲ್ ಮುಂದೆ ದೊಡ್ಡ ಲೈಟ್‌ಗಳ ಸಾಲು, ಹೂತ ಗಾಡಿ ಎಳೆಯುವ ವಿಂಚ್, ನಂಬರ್ ಪ್ಲೇಟ್ ಎಲ್ಲ ಕಟ್ಟಿಕೊಂಡರೆ ಚೆಂದ ಕಾಣುತ್ತದೆ, ಗಾಳಿಗೆ ಅಡ್ಡವಾಗುತ್ತದೆ. ವಿಂಚ್ ಬೇಕೇಬೇಕು ಅನ್ನುವವರು ಲೈಟ್‌ಗಳನ್ನಾದರೂ ಮೇಲಕ್ಕೆ ಹಾಕಿಸಿ.

ಹಂತ 3: ಟೆಂಪರೇಚರ್ ಕಣ್ಣಿಗೆ ಕಾಣಲಿ

ಡ್ಯಾಶ್‌ಬೋರ್ಡ್‌ನಲ್ಲಿ ಇರುವ ಟೆಂಪರೇಚರ್ ಮುಳ್ಳು ಎಂಜಿನ್ ಕೂಲೆಂಟಿನದು, ಗೇರ್‌ಬಾಕ್ಸ್‌ನದಲ್ಲ. ಅದು ನಡುವಲ್ಲೇ ನಿಂತಿದ್ದಾಗ ಗೇರ್‌ಬಾಕ್ಸ್ ಬೇಯುತ್ತಿರಬಹುದು. ಎಟಿಎಫ್ ವಾರ್ನಿಂಗ್ ಲೈಟ್ ಇರುವ ಗಾಡಿಗಳಲ್ಲೂ ಅದು ಹತ್ತಿಕೊಳ್ಳುವುದು ವಿಷಯ ಕೈ ಮೀರುತ್ತಿರುವಾಗ.

ಸುಲಭದ ದಾರಿ ಗಾಡಿಯ ಕಂಪ್ಯೂಟರ್‌ನಲ್ಲಿರುವ ಅಂಕಿಗಳನ್ನು ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಫೋನಿನ ಆ್ಯಪ್‌ಗೆ ಜೋಡಿಸಿ. ಎಟಿಎಫ್ ಟೆಂಪರೇಚರ್ ಎಲ್ಲ ಗಾಡಿಗೂ ಒಂದೇ ಕೋಡ್‌ನಲ್ಲಿ ಸಿಗುವುದಿಲ್ಲ, ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ನಿಮ್ಮ ಮಾಡೆಲ್‌ನ ಪ್ರೊಫೈಲ್ ಇರುವ ಆ್ಯಪ್ ಆರಿಸಿಕೊಳ್ಳಿ. ಸಿಗದಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತೆಗೆದುಕೊಳ್ಳಿ. ಏರು ಮುಗಿದ ಮೇಲೆ ಗಾಡಿ ನಿಲ್ಲಿಸಿ, ಗೇರ್‌ಬಾಕ್ಸ್ ಚೇಂಬರ್‌ಗೆ ಹಿಡಿದು ಓದಿ. ಒಳಗಿನ ಆಯಿಲ್ ಇದಕ್ಕಿಂತ ಸ್ವಲ್ಪ ಹೆಚ್ಚೇ ಬಿಸಿ ಇರುತ್ತದೆ, ಆದರೂ ಅಂದಾಜು ಸಿಗುತ್ತದೆ.

ಸ್ಕ್ಯಾನರ್ ಹಾಕಿದ ಮೊದಲ ದಿನವೇ ಬಹಳ ಕಲಿಯುತ್ತೀರಿ. ಏರಿನಲ್ಲಿ ಅಂಕಿ ಒಂದೊಂದೇ ಡಿಗ್ರಿ ಏರುವುದಿಲ್ಲ. ಒಂದು ಕಡಿದಾದ ತಿರುವಿನಲ್ಲಿ ಸ್ವಲ್ಪ ತಿಣುಕಿದರೆ ಸಾಕು, ನೋಡನೋಡುತ್ತಿದ್ದಂತೆ ಹತ್ತು ಡಿಗ್ರಿ ಜಿಗಿಯುತ್ತದೆ. ಇಳಿಯಲು ಮಾತ್ರ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಸಾಧ್ಯವಾದರೆ ನಿಮ್ಮ ತೋಟದ ಒಂದೇ ಏರನ್ನು ಒಮ್ಮೆ ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಎಳೆತ, ಆದರೆ ಮಾಮೂಲಿ ವೇಗದ ಗೇರ್), ಆಯಿಲ್ ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಫೋರ್ ಲೋನಲ್ಲಿ ಹತ್ತಿ ನೋಡಿ. ಫೋನಿನ ಅಂಕಿಯೇ ಮೇಲಿನ ಲೆಕ್ಕವನ್ನು ಹೇಳುತ್ತದೆ.

ನಾನು ಇಟ್ಟುಕೊಂಡಿರುವ ಗೆರೆ: 105 ಬಂದರೆ ನಿಧಾನಿಸುತ್ತೇನೆ, 115 ಬಂದರೆ ನಿಲ್ಲಿಸುತ್ತೇನೆ.

ಹಂತ 4: ಏರು ಶುರುವಾಗುವ ಮೊದಲೇ ಫೋರ್ ಲೋ

ನಮ್ಮಲ್ಲಿ ಹೆಚ್ಚಿನವರು ಮಾಡುವುದು ಹೀಗೆ: ಫೋರ್ ಹೈನಲ್ಲಿ ಏರು ಹತ್ತಲು ಶುರು ಮಾಡುತ್ತಾರೆ. ಅರ್ಧ ದಾರಿಯಲ್ಲಿ ಗಾಡಿ ತಿಣುಕುತ್ತದೆ. ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ. ಗಾಡಿ ನಿಂತೇ ಹೋದಾಗ ಫೋರ್ ಲೋ ನೆನಪಾಗುತ್ತದೆ. ಅಷ್ಟರಲ್ಲಿ ಆಯಿಲ್ ಕಾದಿರುತ್ತದೆ.

ಇದನ್ನು ತಿರುಗಿಸಿ. ಗಂಟೆಗೆ 15 ಕಿ.ಮೀ.ಗಿಂತ ನಿಧಾನಕ್ಕೆ ಹೋಗಬೇಕಾದ ಏರು, ಕಲ್ಲುಹಾದಿ, ಕೆಸರು ಮುಂದಿದೆ ಅಂತ ಗೊತ್ತಾದ ಕೂಡಲೇ ಕೆಳಗೇ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ. ಬ್ರೇಕ್ ಒತ್ತಿ ಹಿಡಿಯಿರಿ. ಗೇರ್ 'ಎನ್'ಗೆ ಹಾಕಿ. ಟ್ರಾನ್ಸ್‌ಫರ್ ಕೇಸ್ ಲಿವರ್ ಅಥವಾ ನಾಬ್ ಫೋರ್ ಲೋಗೆ ತಳ್ಳಿ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಮಿನುಗುವುದು ನಿಂತು ಸ್ಥಿರವಾದ ಮೇಲೆ ಗೇರ್ ಹಾಕಿ. ಹೋಗದೆ ಗಟ್ಟಿಯಾಗಿ ಕೂತರೆ ಜಗ್ಗಬೇಡಿ. ಗಾಡಿಯನ್ನು ಒಂದಡಿ ಮುಂದಕ್ಕೆ ಬಿಟ್ಟು ಮತ್ತೆ ನಿಲ್ಲಿಸಿ ಹಾಕಿದರೆ ಸಾಮಾನ್ಯವಾಗಿ ಕೂರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಟ್ರಾನ್ಸ್‌ಫರ್ ಕೇಸ್ ನಡುವಿನ ನ್ಯೂಟ್ರಲ್ ದಾಟುವ ಹೊತ್ತಿನಲ್ಲಿ ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧವೇ ಇರುವುದಿಲ್ಲ. 'ಪಿ' ಹಾಕಿದ್ದರೂ ಗಾಡಿ ಉರುಳುತ್ತದೆ. ಇಳಿಜಾರಿನಲ್ಲಿ ಮಾಡಲೇಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕಾಲು ಬ್ರೇಕ್ ಮೇಲಿಟ್ಟು ಮಾಡಿ.

ಫೋರ್ ಲೋ ಹಾಕಿದ ಮೇಲೆ ಮ್ಯಾನುಯಲ್ ಮೋಡ್‌ಗೆ ತಂದು 1 ಅಥವಾ 2ನೇ ಗೇರ್‌ನಲ್ಲಿ ನಿಲ್ಲಿಸಿ. 'ಡಿ'ಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಏರಿನ ನಡುವೆ 1, 2, ಮತ್ತೆ 1 ಅಂತ ಬದಲಿಸುತ್ತಲೇ ಇರುತ್ತದೆ. ಒಂದೊಂದು ಬದಲಾವಣೆಗೂ ಒಳಗಿನ ಕ್ಲಚ್ ಪ್ಲೇಟ್ ಸ್ವಲ್ಪ ಜಾರುತ್ತದೆ, ಅದೂ ಬಿಸಿಯೇ. ಒಣ ಕಲ್ಲುಹಾದಿಗೆ 1ನೇ ಗೇರ್, ಜಾರುವ ಹಸಿ ಮಣ್ಣಿಗೆ 2ನೇ ಗೇರ್ ನನಗೆ ಸರಿ ಅನ್ನಿಸಿದೆ. ಆಕ್ಸಿಲರೇಟರ್ ಮೇಲೆ ಕಾಲು ಒಂದೇ ಹದದಲ್ಲಿರಲಿ.

ಒಣ ಡಾಂಬರು ಮತ್ತು ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕಿಕೊಳ್ಳುವ) ಫೋರ್ ವೀಲ್ ಡ್ರೈವ್ ಹಾಕಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕು. ನೆಲ ಬಿಗಿಯಾಗಿದ್ದರೆ ಆ ಎಳೆದಾಟ ಟ್ರಾನ್ಸ್‌ಫರ್ ಕೇಸ್‌ಗೆ ಬೀಳುತ್ತದೆ. ಕೆಲವು ತೋಟಗಳಲ್ಲಿ ಕಡಿದಾದ ಕಡೆಗೆ ಮಾತ್ರ ಕಾಂಕ್ರೀಟ್ ಹಾಕಿರುತ್ತಾರೆ. ಅಲ್ಲಿ ಎರಡೇ ಚಕ್ರಕ್ಕೆ ಎಳೆತ ಇರುವ ಟೂ ಹೈಗೆ ಬಂದು, ಮ್ಯಾನುಯಲ್ ಮೋಡ್‌ನ 1ನೇ ಗೇರ್‌ನಲ್ಲಿ, ಕೆಳಗಿನಿಂದಲೇ ಸ್ವಲ್ಪ ವೇಗ ಹಿಡಿದು ಹತ್ತಿ.

ಭಾರ ಮತ್ತು ಟೈರ್ ಬಗ್ಗೆ ಎರಡು ಮಾತು. ಕಂಪನಿಯದಕ್ಕಿಂತ ದೊಡ್ಡ ಟೈರ್ ಹಾಕಿಸಿದರೆ ಅದೇ ವೇಗಕ್ಕೆ ಚಕ್ರ ಕಡಿಮೆ ಸುತ್ತು ತಿರುಗುತ್ತದೆ. ಟರ್ಬೈನ್ ಇನ್ನೂ ನಿಧಾನವಾಗಿ, ಸ್ಲಿಪ್ ಏರುತ್ತದೆ. ದೊಡ್ಡ ಟೈರ್ ಇರುವವರಿಗೆ ಫೋರ್ ಲೋ ಇನ್ನೂ ಬೇಗ ಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಹಿಂದೆ ಮೂಟೆ ಹೇರಿ ಕಣದವರೆಗೆ ಹತ್ತುವಾಗಲೂ ಅಷ್ಟೇ. ಕೆಸರಿನಲ್ಲಿ ಟೈರ್ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಚಕ್ರ ಹೂಳದೆ ಮೇಲೆ ತೇಲಿಕೊಂಡು ಹೋಗುತ್ತದೆ, ಎಂಜಿನ್‌ಗೆ ಎಳೆಯುವ ಕೆಲಸ ಹಗುರ. ಡಾಂಬರು ಮುಟ್ಟುವ ಮೊದಲು ಮತ್ತೆ ಗಾಳಿ ತುಂಬಿಸಿ.

ಹಂತ 5: ಘಾಟಿ ಮತ್ತು ಕ್ಯೂ

ವಾರಾಂತ್ಯದಲ್ಲಿ ಕೈಮರ ಚೆಕ್‌ಪೋಸ್ಟ್ ದಾಟಿ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ ಕಡೆಗೆ ಗಾಡಿಗಳ ಸಾಲು ನಿಲ್ಲುತ್ತದೆ. 1,930 ಮೀಟರ್ ಎತ್ತರದ ಬೆಟ್ಟದ ಕಡೆಗೆ ಏರುದಾರಿ, ಐದು ಅಡಿ ಮುಂದೆ, ಮತ್ತೆ ನಿಲ್ಲು. ಗೇರ್‌ಬಾಕ್ಸ್‌ಗೆ ಕಾಡಿನ ಕೊರಕಲಿಗಿಂತ ಇದು ಕಷ್ಟ.

ಇಲ್ಲಿ ಮಾಡಬಾರದ ಕೆಲಸ ಒಂದಿದೆ. ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಅನ್ನು ಇಷ್ಟೇ ಇಷ್ಟು ಒತ್ತಿ ಗಾಡಿಯನ್ನು ಹಿಂದಕ್ಕೆ ಹೋಗದಂತೆ ಹಿಡಿದಿಡುವುದು. ಆಗ ಟರ್ಬೈನ್ ನಿಂತೇ ಇರುತ್ತದೆ. ಎಂಜಿನ್ ಕೊಟ್ಟದ್ದು ಪೂರ್ತಿ, ನೂರಕ್ಕೆ ನೂರು, ಬಿಸಿಯಾಗುತ್ತದೆ. ಬ್ರೇಕ್ ಒತ್ತಿ ನಿಲ್ಲಿ, ಅಥವಾ ಆಟೋ ಹೋಲ್ಡ್ ಬಳಸಿ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವ ಹಾಗೆ ಕಂಡರೆ ಹ್ಯಾಂಡ್‌ಬ್ರೇಕ್ ಎಳೆದು 'ಎನ್'ಗೆ ಹಾಕಿ. ಮುಂದಿನ ಗಾಡಿ ಎರಡು ಮೂರು ಗಾಡಿಯಷ್ಟು ಜಾಗ ಬಿಡಲಿ, ಆಮೇಲೆ ಒಟ್ಟಿಗೆ ಹೊರಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಅಂಕಿ ಏರುತ್ತಿದ್ದರೆ ಎಸಿ ಆಫ್ ಮಾಡಿ, ಕಂಡೆನ್ಸರ್ ಬಿಡುವ ಬಿಸಿ ರೇಡಿಯೇಟರ್‌ಗೇ ಹೋಗುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಮ್ಯಾನುಯಲ್ ಮೋಡ್‌ನಲ್ಲಿ ಗೇರ್ ಇಳಿಸಿ ಎಂಜಿನ್ ಬ್ರೇಕಿಂಗ್‌ನಲ್ಲೇ ಇಳಿಯಿರಿ. ಬ್ರೇಕ್ ಪ್ಯಾಡ್ ಕಾಯುವುದಿಲ್ಲ. ಇಳಿಜಾರಿನಲ್ಲಿ 'ಎನ್' ಹಾಕಿ ತೇಲಿಸುವುದು ಜೀವಕ್ಕೇ ಅಪಾಯ. ಹತ್ತುವಾಗ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಅದರ ಬೆನ್ನಿಗೆ ಅಂಟಿಕೊಂಡು ತೆವಳಬೇಡಿ. ಅಗಲವಾದ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಲಾರಿ ಮುಂದೆ ಹೋಗಲಿ ಬಿಡಿ.

ಹಂತ 6: ಕೆಸರಲ್ಲಿ ಹೂತಾಗ

ಗೇರ್‌ಬಾಕ್ಸ್ ಸುಟ್ಟುಹೋಗುವುದು ಹೆಚ್ಚಾಗಿ ಇಲ್ಲೇ. ಚಕ್ರ ಹೂತು, ಅಲ್ಲಾಡದೆ ನಿಂತಿದೆ. ಡ್ರೈವರ್ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾನೆ. ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಮೆಕ್ಯಾನಿಕ್‌ಗಳು ಟಾರ್ಕ್ ಕನ್ವರ್ಟರ್ ಪರೀಕ್ಷೆಗೆ ಇದೇ ಥರ ಬ್ರೇಕ್ ಹಿಡಿದು ಎಂಜಿನ್ ಏರಿಸುತ್ತಾರೆ. ಅವರಿಗೂ ಇರುವ ನಿಯಮ 5 ಸೆಕೆಂಡ್‌ಗಿಂತ ಜಾಸ್ತಿ ಬೇಡ ಅಂತ. ಕೆಸರಲ್ಲಿ ನಮ್ಮವರು ಅರ್ಧ ನಿಮಿಷ ಒತ್ತುತ್ತಾರೆ.

ಎರಡು ಸಲ ಪ್ರಯತ್ನಿಸಿ. ಬರಲಿಲ್ಲವೋ, ಇಳಿದು ಗುದ್ದಲಿ ಹಿಡಿಯಿರಿ. ಚಕ್ರದ ಮುಂದಿನ ಮಣ್ಣು ಇಳಿಜಾರಾಗಿ ಬಗೆದು, ಕಲ್ಲು, ಒಣ ಸೌದೆ ಅಥವಾ ರಿಕವರಿ ಬೋರ್ಡ್ ಕೊಡಿ. ಆಕ್ಸಲ್ ಅಥವಾ ಚಾಸಿಸ್ ನೆಲಕ್ಕೆ ಕೂತಿದ್ದರೆ ಜಾಕಿ ಕೊಟ್ಟು ಎತ್ತಿ, ಚಕ್ರದ ಅಡಿಗೆ ತುಂಬಿ. 'ಡಿ', 'ಆರ್' ಅಂತ ಬಡಬಡನೆ ಹಾಕಿ ತೂಗಾಡಿಸುವ ಅಭ್ಯಾಸ ಮ್ಯಾನುಯಲ್ ಜೀಪಿನಿಂದ ಬಂದದ್ದು. ಆಟೋಮ್ಯಾಟಿಕ್‌ನಲ್ಲಿ ಮಾಡಲೇಬೇಕಾದರೆ ಪ್ರತಿ ಸಲವೂ ಬ್ರೇಕ್ ಒತ್ತಿ, ಚಕ್ರ ಪೂರ್ತಿ ನಿಂತ ಮೇಲೆ ಗೇರ್ ಬದಲಿಸಿ, ಗೇರ್ ಕೂರಲು ಒಂದು ಕ್ಷಣ ಬಿಟ್ಟು ಆಮೇಲೆ ಆಕ್ಸಿಲರೇಟರ್ ಕೊಡಿ.

ಮೀಸಲು ಅರಣ್ಯ, ಶೋಲಾ, ಹುಲ್ಲುಗಾವಲಿನೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಬೇಡಿ. ಹುಲ್ಲಿನ ಮೇಲೆ ಬಿದ್ದ ಚಕ್ರದ ಗುರುತು ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಅಭ್ಯಾಸಕ್ಕೆ ಪರಿಚಯದವರ ತೋಟದ ರಸ್ತೆ ಸಾಕು.

ಹಂತ 7: ಕಾದ ಗಾಡಿಯನ್ನು ಹಳ್ಳಕ್ಕೆ ಇಳಿಸಬೇಡಿ

ಏರು ಇಳಿದ ಕೂಡಲೇ ಹಳ್ಳ ಸಿಕ್ಕಿದರೆ ತಣ್ಣಗಾಗಲಿ ಅಂತ ನೇರ ಇಳಿಸುವವರಿದ್ದಾರೆ. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆ ಜಾಗಕ್ಕೆ ಗಾಳಿ ಆಡಲು ಇರುವ ಬ್ರೀದರ್ ಪೈಪಿನಿಂದಲೋ ಸೀಲ್ ಸಂದಿಯಿಂದಲೋ ನೀರು ಒಳಗೆ ಹೋಗಬಹುದು. ನೀರು ಸೇರಿದರೆ ಕ್ಲಚ್ ಪ್ಲೇಟಿನ ಲೈನಿಂಗ್ ಕಿತ್ತುಬರುತ್ತದೆ. ದಡದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಆ ಹೊತ್ತಿನಲ್ಲಿ ನೀರಿನ ಆಳ ನೋಡಿಕೊಂಡು ಬನ್ನಿ. ಹಳ್ಳ ದಾಟುವುದು ಮಾಮೂಲಿ ಆಗಿದ್ದರೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ಮೂರರ ಬ್ರೀದರ್ ಪೈಪನ್ನೂ ಬಾನೆಟ್ ಮಟ್ಟದವರೆಗೆ ಎಳೆಸಿ. ಕಡಿಮೆ ಖರ್ಚಿನ ಕೆಲಸ.

ಹಂತ 8: ಕಾದೇ ಬಿಟ್ಟರೆ

ಲೈಟ್ ಹತ್ತಿಕೊಂಡಿತು, ಅಥವಾ ಅಂಕಿ 120 ದಾಟಿತು. ಗೇರ್ ಬೀಳುವುದು ತಡವಾಗುತ್ತಿದೆ, ಎಂಜಿನ್ ಏರಿದರೂ ಗಾಡಿ ಓಡುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ. ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. 'ಪಿ' ಅಥವಾ 'ಎನ್' ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ.

ಎಂಜಿನ್ ಆಫ್ ಮಾಡಬೇಡಿ. ಇದನ್ನು ಎಲ್ಲರೂ ತಪ್ಪು ಮಾಡುತ್ತಾರೆ. ಗೇರ್‌ಬಾಕ್ಸ್ ಆಯಿಲನ್ನು ಕೂಲರ್‌ಗೆ ತಳ್ಳುವ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ನಿಂತರೆ ಕಾದ ಆಯಿಲ್ ಕಾದ ಜಾಗದಲ್ಲೇ ಕೂರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೆ ಟರ್ಬೈನ್ ಹಗುರವಾಗಿ ಜೊತೆಗೇ ತಿರುಗುತ್ತದೆ, ಹೊಸ ಬಿಸಿ ಹುಟ್ಟುವುದಿಲ್ಲ, ಆಯಿಲ್ ಮಾತ್ರ ಸುತ್ತುತ್ತಿರುತ್ತದೆ. ಎಸಿ ಆಫ್ ಮಾಡಿ. ಹೀಟರ್ ಫುಲ್ ಇಟ್ಟು ಕಿಟಕಿ ಇಳಿಸಿ, ಕೂಲೆಂಟ್‌ನ ಬಿಸಿ ಸ್ವಲ್ಪ ಅಲ್ಲಿಂದ ಹೋಗುತ್ತದೆ. ಅಂಕಿ 95ರ ಕೆಳಗೆ ಇಳಿಯುವವರೆಗೆ ಕಾಯಿರಿ. ಎಂಜಿನ್ ಆಫ್ ಮಾಡಬೇಕಾದದ್ದು ಕೂಲೆಂಟ್ ಕೂಡ ಕಾದು ಮುಳ್ಳು ಕೆಂಪು ಗೆರೆ ಮುಟ್ಟಿದಾಗ, ಅಥವಾ ಕೆಳಗೆ ಆಯಿಲ್ ಸೋರುತ್ತಿದ್ದಾಗ. ಕಾದ ಗೇರ್‌ಬಾಕ್ಸ್ ಮೇಲೆ ನೀರು ಸುರಿಯಬೇಡಿ.

ತಣಿದ ಮೇಲೂ ಗೇರ್ ಸರಿಯಾಗಿ ಬೀಳದಿದ್ದರೆ ಟೋಯಿಂಗ್ ಕರೆಸಿ. ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಆಗಿ ಚಕ್ರ ತಿರುಗಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ನಾಲ್ಕೂ ಚಕ್ರ ಮೇಲಿರುವಂತೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು ಅಂತ ಫೋನಿನಲ್ಲೇ ಹೇಳಿ.

ಹಂತ 9: ಬೇರೆ ಕೂಲರ್ ಯಾವಾಗ?

ಮೇಲಿನದೆಲ್ಲ ಮಾಡಿಯೂ ಅಂಕಿ ಪದೇ ಪದೇ 110 ದಾಟುತ್ತಿದ್ದರೆ, ಟ್ರೇಲರ್ ಎಳೆಯುತ್ತಿದ್ದರೆ, ದೊಡ್ಡ ಟೈರ್, ವಿಂಚ್, ಸ್ಟೀಲ್ ಬಂಪರ್ ಎಲ್ಲ ಸೇರಿ ಗಾಡಿ ಭಾರವಾಗಿದ್ದರೆ ಆಗ ಹಾಕಿಸಿ. ಸ್ಟ್ಯಾಕ್ಡ್ ಪ್ಲೇಟ್ ಮಾದರಿಯದು ಸಾದಾ ಟ್ಯೂಬ್ ಮಾದರಿಗಿಂತ ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ತೆಗೆಯುತ್ತದೆ. ಕಂಪನಿಯ ಕೂಲರ್ ದಾಟಿ ಬಂದ ಆಯಿಲ್ ಹೊಸ ಕೂಲರ್‌ಗೆ ಹೋಗಿ, ಅಲ್ಲಿಂದ ಗೇರ್‌ಬಾಕ್ಸ್‌ಗೆ ಮರಳುವ ಹಾಗೆ ಜೋಡಿಸಬೇಕು. ಆಯಿಲ್ ತಣ್ಣಗಿದ್ದಾಗ ಅದನ್ನು ಕೂಲರ್‌ಗೆ ಕಳಿಸದ ಥರ್ಮೋಸ್ಟಾಟ್ ಬೈಪಾಸ್ ಇರಲಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಆಯಿಲ್ ಮಂದವಾಗಿರುತ್ತದೆ, ಅದು ಬೇಗ ಹದಕ್ಕೆ ಬರಬೇಕು. ಪೈಪು ಬಿಸಿ ಎಟಿಎಫ್ ತಡೆಯುವಂಥದ್ದೇ ಆಗಬೇಕು. ಕೈಗೆ ಸಿಕ್ಕಿದ ಪೆಟ್ರೋಲ್ ಪೈಪ್ ಹಾಕಿದರೆ ಕೆಲವೇ ದಿನದಲ್ಲಿ ಮೆತ್ತಗಾಗಿ ಕಿತ್ತುಬರುತ್ತದೆ. ಆಯಿಲ್ ಪೂರ್ತಿ ಖಾಲಿಯಾಗಲು ನಿಮಿಷಗಳು ಸಾಕು. ಗಾಡಿ ವಾರಂಟಿಯಲ್ಲಿದ್ದರೆ ಶೋರೂಮ್‌ನಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಹಂತ 10: ಆಯಿಲ್ ಬದಲಾವಣೆ

ಕೆಲವು ಗಾಡಿಗಳ ಎಟಿಎಫ್‌ಗೆ 'ಲೈಫ್‌ಟೈಮ್' ಅಂತ ಹೇಳುತ್ತಾರೆ. ಅದೇ ಪುಸ್ತಕದಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿ ಇದೆಯೇ ನೋಡಿ. ಬೆಟ್ಟದ ರಸ್ತೆ, ಧೂಳು, ಭಾರ, ಟ್ರೇಲರ್. ಮಲೆನಾಡಿನ ತೋಟದ ಗಾಡಿ ಪೂರ್ತಿ ಆ ಪಟ್ಟಿಗೇ ಸೇರುತ್ತದೆ. 40,000 ಕಿ.ಮೀ.ಗೆ ಒಮ್ಮೆ ಬದಲಿಸುವುದು ನನ್ನ ಅಭ್ಯಾಸ. ಒಮ್ಮೆ ಚೆನ್ನಾಗಿ ಕಾದು ಲೈಟ್ ಹತ್ತಿದ್ದರೆ ಕಿಲೋಮೀಟರ್ ನೋಡಬೇಡಿ, ಆಗಲೇ ಬದಲಿಸಿ.

ಚೇಂಬರ್ ಪ್ಲಗ್ ಬಿಚ್ಚಿದರೆ ಬರುವುದು ಒಟ್ಟು ಆಯಿಲ್‌ನ ಒಂದು ಭಾಗ ಮಾತ್ರ, ಮೂರನೇ ಒಂದರಿಂದ ಅರ್ಧದವರೆಗೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಪೈಪುಗಳಲ್ಲಿ ಇರುತ್ತದೆ. ಹಾಗಾಗಿ ಬದಲಿಸಿ, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಬದಲಿಸಿದರೆ ಹೆಚ್ಚಿನಂಶ ಹೊಸದಾಗುತ್ತದೆ. ತುಂಬಾ ಹಳೆಯ, ಕಪ್ಪು ಆಯಿಲ್ ಇರುವ ಗಾಡಿಗೆ ಮಷಿನ್‌ನಲ್ಲಿ ಒತ್ತಡ ಹಾಕಿ ಫ್ಲಶ್ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ, ಒಳಗಿನ ಕಸ ಎದ್ದು ವಾಲ್ವ್‌ಗಳಿಗೆ ಸೇರಿಕೊಳ್ಳಬಹುದು.

ಆಯಿಲ್ ಯಾವುದು ಅನ್ನುವುದರಲ್ಲಿ ರಾಜಿ ಬೇಡ. ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಶನ್ನೇ ಆಗಬೇಕು. ಟೊಯೊಟಾದ ಫಾರ್ಚೂನರ್‌ಗೆ ಡಬ್ಲ್ಯುಎಸ್ ಅಂತ ಬೇರೆಯೇ ಇದೆ. "ಎಲ್ಲಾ ಎಟಿಎಫ್ ಒಂದೇ ಸಾರ್, ಕೆಂಪಗಿದ್ರೆ ಆಯ್ತು" ಅನ್ನುವ ಅಂಗಡಿಯಿಂದ ತರಬೇಡಿ. ಬದಲಿಸುವಾಗ ಪಕ್ಕದಲ್ಲೇ ನಿಂತು ಚೇಂಬರ್ ಒಳಗಿನ ಮ್ಯಾಗ್ನೆಟ್ ತೋರಿಸಲು ಹೇಳಿ. ಅದರ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಹೊಸ ಆಯಿಲ್ ತುಂಬಿಸುವ ಮೊದಲು ಗೇರ್‌ಬಾಕ್ಸ್ ಬಿಚ್ಚಿ ನೋಡುವವರ ಹತ್ತಿರ ಮಾತಾಡಿ.